ಚೌಕ ಕಂಸದೊಳಗಿನ ಅಕ್ಷರ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಇರುವುದು ಮೂರೇ ಸಾಲು. ಮಯೂರಶರ್ಮನ ಹೆಸರು ಮತ್ತು ಕೆರೆಯ ಮಾತಿನ ಬಗ್ಗೆ ಹೆಚ್ಚು ತಕರಾರಿಲ್ಲ. ಮುಂದಿನ ಭಾಗವನ್ನು ಮೈಸೂರು ಪುರಾತತ್ತ್ವ ಇಲಾಖೆಯ 1929ರ ವರದಿಯಲ್ಲಿ ಎಂ. ಎಚ್. ಕೃಷ್ಣ ಅವರು ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಪುನ್ನಾಟ, ಮೌಖರಿ ಮೊದಲಾದ ಅರಸುಮನೆತನ, ನಾಡುಗಳನ್ನು ಗೆದ್ದ ಪಟ್ಟಿಯೆಂದು ಓದಿದರು. ಅಕ್ಷರಗಳು ಸವೆದಿರುವುದರಿಂದ ಅನಂತರದ ವಿದ್ವಾಂಸರು ಆ ಓದನ್ನು ಒಪ್ಪದೆ ಬೇರೆ ಪಾಠಗಳನ್ನು ಸೂಚಿಸಿದ್ದಾರೆ. ಆದರೆ ಅಲ್ಲಿಗೆ ಬರುವ ವಿದ್ಯಾರ್ಥಿಗಳು ನನ್ನನ್ನು ಕೇಳುವುದು ಒಂದೇ: ಮಯೂರಶರ್ಮ ನಿಜವಾಗಿಯೂ ಅಷ್ಟು ದೂರ ದಂಡೆತ್ತಿ ಹೋಗಿದ್ದನೇ?

ಈ ಪ್ರಶ್ನೆಗೆ ಉತ್ತರಿಸಬೇಕಾದರೆ ಶಾಸನ ಓದುವ ನಮ್ಮ ವೃತ್ತಿಯ ಒಂದು ಸಣ್ಣ ಪದ್ಧತಿಯನ್ನು ವಿವರಿಸಬೇಕು. ಶಾಸನದ ಪಾಠವನ್ನು ಅಚ್ಚಿಗೆ ಕೊಡುವಾಗ ಸ್ಪಷ್ಟವಾಗಿ ಕಾಣುವ ಅಕ್ಷರಗಳನ್ನು ಹಾಗೆಯೇ ಬರೆಯುತ್ತೇವೆ. ಸವೆದು ಅನುಮಾನಕ್ಕೆ ಎಡೆಯಿರುವ ಅಕ್ಷರಗಳನ್ನು ಚೌಕ ಕಂಸದೊಳಗೆ ಇಡುತ್ತೇವೆ. ಪೂರ್ತಿ ಅಳಿದು ಹೋದ ಕಡೆ ಚುಕ್ಕೆಗಳನ್ನು ಹಾಕುತ್ತೇವೆ. ಶಾಸನಪಾಠದಿಂದ ಪ್ರಬಂಧಕ್ಕೆ, ಪ್ರಬಂಧದಿಂದ ಪಠ್ಯಪುಸ್ತಕಕ್ಕೆ, ಅಲ್ಲಿಂದ ವೇದಿಕೆಯ ಭಾಷಣಕ್ಕೆ ಮಾತು ಇಳಿಯುವಾಗ ಮೊದಲು ಉದುರುವುದು ಈ ಕಂಸಗಳೇ. ನನ್ನ ಕೆಲಸದ ಬಹುಪಾಲು, ಹಾಗೆ ಉದುರಿದವುಗಳನ್ನು ಮತ್ತೆ ಅವುಗಳ ಜಾಗದಲ್ಲಿ ಇಡುವುದರಲ್ಲೇ ಕಳೆಯುತ್ತದೆ. ಅದಕ್ಕಾಗಿ ಕಲ್ಲಿನ ಬಳಿಗೇ ಹೋಗಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಅಕ್ಷರದ ಗೆರೆಯೊಳಗೆ ಕಾಗದ ಕೂರುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿಯ ಗಾದಿ ಒತ್ತಿದರೆ ಗೆರೆಗಳು ಬಿಳಿಯಾಗಿ ಉಳಿಯುತ್ತವೆ. ಹೀಗೆ ತೆಗೆದ ಪಡಿಯಚ್ಚಿನಲ್ಲಿ ಕಾಣದ ಅಕ್ಷರ ಕೆಲವೊಮ್ಮೆ ಬೆಳಗಿನ ಓರೆ ಬಿಸಿಲಿನಲ್ಲಿ ಕಾಣಿಸಿಕೊಳ್ಳುವುದುಂಟು. ಮಧ್ಯಾಹ್ನದಲ್ಲಿ ನೋಡಿ ಬಂದವರ ಓದನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಹಳೆಯ ಓದುಗಳೂ ಕೈಯಲ್ಲಿರಬೇಕು. ಬಿ. ಎಲ್. ರೈಸ್ ಸಂಪಾದಿಸಿದ ಶಾಸನ ಸಂಕಲನ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಗೆ ಮೀಸಲು. ದಾವಣಗೆರೆ ಜಿಲ್ಲೆ 1997ರಲ್ಲಿ ಬೇರೆಯಾಯಿತಾದರೂ ದಾವಣಗೆರೆ, ಹರಿಹರದ ಶಾಸನಗಳಿಗಾಗಿ ಇಂದಿಗೂ ಅದೇ ಸಂಪುಟವನ್ನು ತೆರೆಯುತ್ತೇವೆ.

ಕಾಲ ನಿರ್ಣಯದ ಕಷ್ಟ ಇನ್ನೊಂದು ಬಗೆಯದು. ಮನೆಯ ಅಟ್ಟದಲ್ಲಿ ಸಿಕ್ಕ ಕಡತವನ್ನು ಹಿಡಿದು ಬರುವವರು ಆಗಾಗ ಇದ್ದಾರೆ. ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಲೆಕ್ಕ, ಮಡಿಕೆಗಳಲ್ಲಿ ಅರ್ಧ ಮಾಸಿರುತ್ತದೆ. ಬಂದವರಿಗೆ ಬೇಕಾದದ್ದು, ತಮ್ಮ ಮುತ್ತಾತ ದುರ್ಗದ ನಾಯಕರ ದಳವಾಯಿಯಾಗಿದ್ದ ಎಂಬ ಒಂದು ಸಾಲು. ಕಡತದಲ್ಲಿ ಇರುವುದು ‘ವಿಕಾರಿ ಸಂವತ್ಸರ’ ಎಂಬ ಮಾತು ಮಾತ್ರ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ; ವಿಕಾರಿ 1719ರಲ್ಲಿ ಬಂತು, 1779ರಲ್ಲಿ ಬಂತು, 1839ರಲ್ಲೂ ಬಂತು. ಮೊದಲನೆಯದು ನಾಯಕರ ಕಾಲ, ಎರಡನೆಯದು ಹೈದರಾಲಿ ದುರ್ಗವನ್ನು ಹಿಡಿದ ವರ್ಷ, ಮೂರನೆಯದು ಬ್ರಿಟಿಷ್ ಕಮಿಷನರುಗಳ ಆಡಳಿತ. ಮೂರರಲ್ಲಿ ಯಾವುದೆಂದು ತಿಳಿಯಲು ನಾಣ್ಯದ ಹೆಸರು, ಅಧಿಕಾರಿಯ ಪದವಿ, ಅಂಕಿಗಳನ್ನು ತಿರುಗಿಸುವ ಬಗೆ, ಇವನ್ನೆಲ್ಲ ನೋಡಬೇಕು. ಲೆಕ್ಕದಲ್ಲಿ ಕಂಪನಿ ರೂಪಾಯಿ ಬಂದರೆ ದಳವಾಯಿಯ ಕಥೆ ಅಲ್ಲಿಗೆ ಮುಗಿಯಿತು. ಇದನ್ನು ಹೇಳಿದಾಗ ಬಂದವರ ಮುಖ ಸಪ್ಪಗಾಗುವುದನ್ನು ನೋಡಿದ್ದೇನೆ. ಆ ಕಡತ ಒಂದು ಊರಿನ ಕಂದಾಯದ ಅಪರೂಪದ ದಾಖಲೆಯೆಂದು ಎಷ್ಟು ವಿವರಿಸಿದರೂ ಅದು ಸಮಾಧಾನವೆನಿಸುವುದಿಲ್ಲ.

ಶಕ ವರ್ಷ ಕೊಟ್ಟಿದ್ದರೂ ಎಚ್ಚರ ತಪ್ಪುವಂತಿಲ್ಲ. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ಶಕ 1146, ತಾರಣ ಸಂವತ್ಸರ, ಚೈತ್ರ ಎಂದಿದ್ದರೆ ಅದು 1224. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದಂಡನಾಯಕ ಪೊಲಾಳ್ವ ಕಟ್ಟಿಸಿದ ವರ್ಷ. ಅದೇ ತಾರಣದ ಮಾಘವೆಂದಿದ್ದರೆ ಜನವರಿ ಬಂದು ಕ್ರಿಸ್ತಶಕದ ವರ್ಷ ಬದಲಾಗಿರುತ್ತದೆ, 79 ಕೂಡಿಸಬೇಕು, ಅಂದರೆ 1225. ನನ್ನ ಆರಂಭದ ದಿನಗಳಲ್ಲಿ ಸಹಗಮನ ಮಾಡಿದವಳ ನೆನಪಿಗೆ ನೆಟ್ಟ ಒಂದು ಮಾಸ್ತಿಗಲ್ಲಿನ ಮಾಘ ಮಾಸಕ್ಕೆ 78 ಕೂಡಿಸಿ ವರ್ಷವನ್ನು ಅಚ್ಚಿಗೆ ಕೊಟ್ಟುಬಿಟ್ಟೆ. ಕಲ್ಲಿನಲ್ಲಿ ಕೆತ್ತಿದ್ದ ವಾರವನ್ನು ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳೊಂದಿಗೆ ತಾಳೆ ನೋಡಿದಾಗ ತಿಥಿಗೂ ವಾರಕ್ಕೂ ಹೊಂದಲಿಲ್ಲ. ತಪ್ಪು ಗೊತ್ತಾದದ್ದು ಆಗ. ವಾರ ಕೆತ್ತಿದ ಆ ಅನಾಮಿಕ ರೂವಾರಿಗೆ ನಾನು ಋಣಿ.

ಹಳ್ಳಿಗಳಲ್ಲಿ ಎದುರಾಗುವ ತೊಡಕು ಪುಸ್ತಕಗಳಲ್ಲಿ ಇರುವುದಿಲ್ಲ. ಬ್ರಷ್ಷು, ನೀರಿನ ಕೊಡ ಹಿಡಿದು ವೀರಗಲ್ಲಿನ ಮುಂದೆ ಕುಳಿತವನನ್ನು ಜನ ನಿಧಿ ಹುಡುಕುವವನೆಂದೇ ತಿಳಿಯುತ್ತಾರೆ. ನಿಧಿಯಾಸೆಗೆ ಕಲ್ಲನ್ನೇ ಕಿತ್ತು ಒಡೆದ ಊರುಗಳನ್ನು ಕಂಡವನಾದ್ದರಿಂದ ಅವರ ಅನುಮಾನವನ್ನು ನಾನು ತಪ್ಪೆನ್ನಲಾರೆ. ಮೊದಲು ಊರ ಹಿರಿಯರನ್ನು ಕಂಡು, ಓದಿದ್ದನ್ನು ಅವರೆದುರೇ ಗಟ್ಟಿಯಾಗಿ ಹೇಳುತ್ತೇನೆ. ಹೀಗೆ ಓದುವಾಗ ಒಮ್ಮೆ ಒಬ್ಬ ಅಜ್ಜ ನಡುವೆ ತಡೆದು, ನಾನು ಕಂಸದಲ್ಲಿಟ್ಟಿದ್ದ ಒಂದು ಹೆಸರು ಅವರ ಹೊಲದ ಪಕ್ಕದ ಹಾಳೂರಿನದೆಂದು ಹೇಳಿದರು. ಮರುದಿನ ಬೆಳಗ್ಗೆ ಹೋಗಿ ಓರೆ ಬಿಸಿಲಿನಲ್ಲಿ ಮತ್ತೆ ನೋಡಿದೆ. ಎರಡು ಅಕ್ಷರ ಅವರು ಹೇಳಿದಂತೆಯೇ ಇದ್ದವು. ಮೂರನೆಯದು ಇನ್ನೂ ಕಂಸದಲ್ಲೇ ಇದೆ.