ನೆಲಮಾಳಿಗೆಯ ಮುಚ್ಚಿದ ಕಮಾನು ಸುರಂಗದ ಬಾಯಿಯೇ?

ಪ್ರಶ್ನೆ: ಹಳೆಯ ಮನೆಯ ನೆಲಮಾಳಿಗೆಯ ಗೋಡೆಯಲ್ಲಿ ಕಲ್ಲು ತುಂಬಿ ಮುಚ್ಚಿದ ಕಮಾನೊಂದಿದೆ. ಅದರ ಹಿಂದೆ ಗುಪ್ತ ಸುರಂಗ ಇರಬಹುದೇ?

ಇರಬಹುದು, ಆದರೆ ಅಪರೂಪ. ಮುಚ್ಚಿದ ಕಮಾನು ಕಂಡಲ್ಲೆಲ್ಲ ಒಂದು ಸುರಂಗದ ಕಥೆ ಹುಟ್ಟಿಕೊಳ್ಳುತ್ತದೆ. ಆ ಸುರಂಗ ಕೋಟೆಗೋ ಮಠಕ್ಕೋ ಹೋಗಿ ಸೇರಲೇಬೇಕು. ಮೈಲುಗಟ್ಟಲೆ ಬಂಡೆ ಕೊರೆಯುವ ಕೂಲಿಯನ್ನು ಕೊಟ್ಟವರು ಯಾರು ಎಂದು ಕಥೆ ಹೇಳುವವರು ಕೇಳುವುದಿಲ್ಲ.

ಮೊದಲು ಕೇಳಬೇಕಾದದ್ದು, ಆ ಕಮಾನು ಎಂದಾದರೂ ತೆರೆದಿತ್ತೇ ಎಂಬುದು. ತಳಪಾಯದ ಮಣ್ಣು ಸಡಿಲವಿದ್ದರೆ ಮೇಲಿನ ಭಾರವನ್ನು ಅಕ್ಕಪಕ್ಕಕ್ಕೆ ದಾಟಿಸಲು ಗೋಡೆಯೊಳಗೇ ಕಮಾನು ಕಟ್ಟುವುದು ಹಳೆಯ ಕ್ರಮ. ಅಂಥದ್ದರಲ್ಲಿ ಕಮಾನೂ ಅದರೊಳಗಿನ ಕಲ್ಲೂ ಒಂದೇ ಕಾಲದವು, ಗಾರೆಯೂ ಒಂದೇ. ನಿಜವಾದ ಬಾಗಿಲಾಗಿದ್ದರೆ ಅಂಚಿನ ಕಲ್ಲುಗಳನ್ನು ನಯವಾಗಿ ಕೆತ್ತಿರುತ್ತಾರೆ, ಕದ ಕೂರಲು ತೋಡು ಇರುತ್ತದೆ, ತಿರುಗಣಿಯ ಕಬ್ಬಿಣ ಕಿತ್ತ ಗುಂಡಿಯೂ ಸಿಗಬಹುದು. ಒಳಗೆ ತುಂಬಿದ ಕಲ್ಲು ಅಂಚಿನೊಂದಿಗೆ ಹೆಣೆದುಕೊಳ್ಳದೆ ನೇರ ಸಂದಿ ಬಿಟ್ಟು ನಿಂತಿರುತ್ತದೆ. ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ, ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ. ಉಳಿಯ ಗೆರೆಗಳೂ ಸಂದಿಗಳೂ ಆಗ ನೆರಳಾಗಿ ಎದ್ದು ಕಾಣುತ್ತವೆ.

ಬಾಗಿಲೇ ಎಂದು ಖಚಿತವಾದರೂ ಅದು ಬೀದಿಗೆ ತೆರೆದಿದ್ದ ಬಾಗಿಲಾಗಿರುವ ಸಾಧ್ಯತೆ ಹೆಚ್ಚು. ಪ್ರಾಗ್‌ನ ಹಳೆಯ ಪಟ್ಟಣದಲ್ಲಿ 12ನೆಯ ಶತಮಾನದ ಕಲ್ಲಿನ ಮನೆಗಳ ನೆಲಮಹಡಿಗಳೇ ಇಂದು ನೆಲಮಾಳಿಗೆಗಳಾಗಿವೆ. ವಲ್ಟಾವಾ ನದಿಯ ಪ್ರವಾಹಕ್ಕೆ ಬೇಸತ್ತು ಬೀದಿಗಳನ್ನೇ ಎತ್ತರಿಸಿದರು; ಕಿಟಕಿ ಬಾಗಿಲುಗಳು ಮಣ್ಣಿನೊಳಗಾದವು. ಎಡಿನ್‌ಬರೋದಲ್ಲಿ 1753ರಲ್ಲಿ ಆರಂಭವಾದ ದೊಡ್ಡ ಕಟ್ಟಡವೊಂದು ಮೇರಿ ಕಿಂಗ್ಸ್ ಕ್ಲೋಸ್ ಎಂಬ ಗಲ್ಲಿಯ ಮನೆಗಳ ಕೆಳಮಹಡಿಗಳನ್ನು ಹಾಗೆಯೇ ಉಳಿಸಿಕೊಂಡು ಅವುಗಳ ಮೇಲೆ ಎದ್ದಿತು. ಇಂಗ್ಲೆಂಡಿನ ವಿಂಚೆಲ್‌ಸೀಯಲ್ಲಿ ದ್ರಾಕ್ಷಾರಸದ ವ್ಯಾಪಾರಿಗಳ ಕಮಾನು ಚಾವಣಿಯ ನೆಲಮಾಳಿಗೆಗಳಿಗೆ ಬೀದಿಯಿಂದಲೇ ಮೆಟ್ಟಿಲುಗಳಿದ್ದವು. ಮೇಲಿನ ಮನೆಗಳು ಎಷ್ಟೋ ಸಲ ಬದಲಾದವು, ಕೆಳಗಿನ ಕಲ್ಲು ಉಳಿಯಿತು.

ಅಪವಾದಗಳೂ ಇವೆ. ಚೆಕ್ ದೇಶದ ಜ್ನೋಯ್ಮೋದಲ್ಲಿ ಮನೆ ಮನೆಯ ನೆಲಮಾಳಿಗೆಗಳು ಒಂದಕ್ಕೊಂದು ಜೋಡಿಸಲ್ಪಟ್ಟು ಸುಮಾರು 27 ಕಿಲೋಮೀಟರ್ ಉದ್ದದ ಜಾಲವಾಗಿದೆ. ಅಲ್ಲಿಯೂ ಕಮಾನು ದಾಟಿದರೆ ಮೊದಲು ಸಿಗುವುದು ಪಕ್ಕದ ಮನೆಯವರ ಉಗ್ರಾಣ.

ಒಂದು ಕಲ್ಲು ಕಿತ್ತು ಇಣುಕುವ ಆಸೆ ಸಹಜ, ಆದರೆ ಬೇಡ. ಆ ತುಂಬುಗಲ್ಲೇ ಈಗ ಭಾರ ಹೊರುತ್ತಿರಬಹುದು, ಅಥವಾ ಬೀದಿಯ ಮಣ್ಣನ್ನು ತಡೆದು ನಿಂತಿರಬಹುದು. ಮುಚ್ಚಿದ ಜಾಗದ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿರುವುದೂ ಉಂಟು. ಸಂರಕ್ಷಣೆಯಲ್ಲಿ ಪಳಗಿದ ಎಂಜಿನಿಯರ್ ಗಾರೆಯ ಸಂದಿಯಲ್ಲಿ ಬೆರಳ ದಪ್ಪದ ರಂಧ್ರ ಕೊರೆದು, ಸಣ್ಣ ಕ್ಯಾಮೆರಾ ತೂರಿಸಿ ನೋಡುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಕಾಣುವುದು ಮಣ್ಣು.