ಮೆಕ್ಕೆಜೋಳಕ್ಕೆ ಹೊಡೆದದ್ದು ಕಡಲೆಯವರೆಗೂ ಉಳಿಯುವುದೇಕೆ?

ಜೂನ್ ತಿಂಗಳಲ್ಲಿ ನೆಲ ಹದವಾಯಿತೆಂದರೆ ದಾವಣಗೆರೆ ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳದ ಬಿತ್ತನೆ. ಅದಾದ ಎರಡು ಮೂರು ದಿನಗಳಲ್ಲಿ ಅಟ್ರಜಿನ್ ಎಂಬ ಕಳೆನಾಶಕದ ಸಿಂಪಡಣೆ. ಎಡೆಕುಂಟೆ ಹೊಡೆಯಲು ಎತ್ತಿಲ್ಲ, ಕಳೆ ಕೀಳಲು ಆಳು ಸಿಗುವುದಿಲ್ಲ. ರೈತರನ್ನು ದೂರಿ ಪ್ರಯೋಜನವಿಲ್ಲ. ಆದರೆ ಈ ಔಷಧಿ ಎಷ್ಟು ದಿನಕ್ಕೆ ಮಣ್ಣಿನಿಂದ ಹೋಗುತ್ತದೆ ಎಂಬ ಪ್ರಶ್ನೆಗೆ ಯಾರಾದರೂ ಒಂದೇ ಅಂಕಿ ಹೇಳಿದರೆ ಅನುಮಾನಿಸಬೇಕು. ಉತ್ತರದ ಅರ್ಧ ಭಾಗ ಡಬ್ಬಿಯಲ್ಲಿದ್ದರೆ ಇನ್ನರ್ಧ ಹೊಲದಲ್ಲಿರುತ್ತದೆ.

ಅಟ್ರಜಿನ್‌ನ ಅರ್ಧಾಯು ಸುಮಾರು 60 ದಿನ ಎಂದು ಕೈಪಿಡಿಗಳು ಹೇಳುತ್ತವೆ. 60 ದಿನಕ್ಕೆ ಅರ್ಧ, 120 ದಿನಕ್ಕೆ ಕಾಲು ಭಾಗ ಉಳಿಯುತ್ತದೆ. ಮೆಕ್ಕೆಜೋಳ ಕಟಾವಿಗೆ ಬರುವುದೂ ಹೆಚ್ಚುಕಡಿಮೆ ಅಷ್ಟರಲ್ಲೇ. ಅದರ ಬೆನ್ನಿಗೇ ಕಡಲೆ ಬಿತ್ತಿದರೆ ಆ ಕಾಲು ಭಾಗ ಎಳೆಯ ಬೇರಿಗೆ ಸಿಗುತ್ತದೆ. ಮೆಕ್ಕೆಜೋಳ ತನ್ನ ಒಡಲಲ್ಲೇ ಅಟ್ರಜಿನ್ ಅನ್ನು ನಿರ್ವಿಷಗೊಳಿಸಿಕೊಳ್ಳುತ್ತದೆ. ಕಡಲೆ, ತೊಗರಿಗಳಿಗೆ ಆ ಸಾಮರ್ಥ್ಯವಿಲ್ಲ. ತೊಗರಿಯ ಅಕ್ಕಡಿ ಸಾಲು ಇರುವ ಹೊಲಕ್ಕೆ ಇದನ್ನು ಹೊಡೆಯಬಾರದು ಎನ್ನುವುದು ಇದಕ್ಕೇ.

ಅಣು ಒಡೆಯುವ ಬಗೆಯಲ್ಲೂ ವ್ಯತ್ಯಾಸಗಳಿವೆ. ಅಟ್ರಜಿನ್‌ಗೆ ವಿಷದ ಗುಣ ಕೊಡುವುದು ಅದರ ಉಂಗುರಕ್ಕೆ ಅಂಟಿದ ಕ್ಲೋರಿನ್. ನೀರಿನ ಜೊತೆ ವರ್ತಿಸಿ ಆ ಕ್ಲೋರಿನ್ ಕಳಚಿಕೊಂಡರೆ ಉಳಿಯುವ ವಸ್ತು ಕಳೆಯನ್ನು ಕೊಲ್ಲಲಾರದು, ಮಣ್ಣಿಗೆ ಕಚ್ಚಿಕೊಂಡು ಕೂರುತ್ತದೆ. ಹಾಗಾಗದೆ ಪಕ್ಕದ ಕೊಂಡಿ ಮಾತ್ರ ಮುರಿದರೆ ಕ್ಲೋರಿನ್ ಹಾಗೆಯೇ ಉಳಿಯುತ್ತದೆ. ಆ ತುಣುಕು ಮಳೆನೀರಿನೊಂದಿಗೆ ಕೆಳಗಿಳಿಯುವುದರಲ್ಲಿ ಮೂಲ ಅಣುವಿಗಿಂತ ಚುರುಕು. ಮೊದಲನೆಯ ದಾರಿ ಹುಳಿ ಮಣ್ಣಿನಲ್ಲಿ ಸಲೀಸು. ನಮ್ಮ ಎರೆಮಣ್ಣೋ ಕ್ಷಾರೀಯ, ಅದರ ರಸಸಾರ (ಪಿಎಚ್) ಎಂಟರ ಆಸುಪಾಸು. ಅಲ್ಲಿ ಆ ಕೆಲಸ ನಿಧಾನ.

ಉಳಿದ ದುಡಿಮೆಯೆಲ್ಲ ಸೂಕ್ಷ್ಮಜೀವಿಗಳದ್ದು. ಅಮೆರಿಕದ ಮಿನ್ನೆಸೋಟದಲ್ಲಿ ಕಳೆನಾಶಕ ಚೆಲ್ಲಿದ್ದ ಜಾಗದ ಮಣ್ಣಿನಿಂದ ವಿಜ್ಞಾನಿಗಳು ಬೇರ್ಪಡಿಸಿದ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಅಟ್ರಜಿನ್ ಅನ್ನೇ ಸಾರಜನಕದ ಆಹಾರವಾಗಿ ತಿನ್ನುತ್ತದೆ ಎಂದು 1995ರಲ್ಲಿ ವರದಿಯಾಯಿತು. ಆ ಔಷಧಿ ಬಳಕೆಗೆ ಬಂದದ್ದು 1950ರ ದಶಕದ ಕೊನೆಗೆ. ಅಷ್ಟರೊಳಗೆ ಅದನ್ನು ಅರಗಿಸಿಕೊಳ್ಳುವ ಜೀವಿ ತಯಾರು! ಆದರೆ ಇಂಥ ಜೀವಿಗಳಿಗೂ ತೇವ ಬೇಕು. ಚಳ್ಳಕೆರೆಯ ಕಡೆ ಮಳೆ ಕೈಕೊಟ್ಟು ಮಸಾರೆ ನೆಲ ಕಾದು ಕೂತರೆ ಅವುಗಳ ಕೆಲಸ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಆಗ ಕೈಪಿಡಿಯ 60 ದಿನಕ್ಕೆ ಬೆಲೆಯಿಲ್ಲ.

ಚನ್ನಗಿರಿಯ ಅಡಿಕೆ ತೋಟಗಳಿಗೆ ಹೊಡೆಯುವ ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕದ್ದು ಬೇರೆ ಕತೆ. ಮಣ್ಣು ಮುಟ್ಟಿದೊಡನೆ ಅದು ಸತ್ತಂತೆ ಎಂಬ ಮಾತು ಅರ್ಧ ಸತ್ಯ. ಜೇಡಿಯೂ ಕಬ್ಬಿಣದ ಆಕ್ಸೈಡುಗಳೂ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಬೇರಿಗೆ ಸಿಗುವುದಿಲ್ಲ, ನಿಜ. ಆದರೆ ಬಂಧನವೇ ಬೇರೆ, ನಾಶವೇ ಬೇರೆ. ರಂಜಕವೂ ಅದೇ ಜಾಗಕ್ಕೆ ಪೈಪೋಟಿ ನಡೆಸುವುದರಿಂದ ರಂಜಕದ ಗೊಬ್ಬರ ಸುರಿದಾಗ ಒಂದಷ್ಟು ಬಿಡುಗಡೆಯಾಗಬಹುದು. ಒಡೆದಾಗ ಹುಟ್ಟುವ ಆಂಪಾ ಎಂಬ ವಸ್ತುವಂತೂ ಸಾಮಾನ್ಯವಾಗಿ ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಬೇರಿನ ಪದರ ದಾಟಿ ಕೆಳಗಿಳಿದ ಮೇಲೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಅಲ್ಲಿ ಬಿಸಿಲಿಲ್ಲ, ಸಾವಯವ ಇಂಗಾಲ ಅತ್ಯಲ್ಪ, ಸೂಕ್ಷ್ಮಜೀವಿಗಳೂ ವಿರಳ. ಜರ್ಮನಿ 1991ರಲ್ಲೇ ಅಟ್ರಜಿನ್ ನಿಷೇಧಿಸಿತು. ದಶಕಗಳ ನಂತರವೂ ಅಲ್ಲಿನ ಅಂತರ್ಜಲದಲ್ಲಿ ಅದರ ಅಂಶ ಸಿಗುತ್ತಿತ್ತು. ಬಂಡೆಯ ಬಿರುಕುಗಳ ನೀರನ್ನು ಕೊಳವೆಬಾವಿಯಿಂದ ಎತ್ತಿ ಕುಡಿಯುವ ಚಿತ್ರದುರ್ಗದ ಹಳ್ಳಿಗಳಲ್ಲಿ ನೀರಿನ ಪರೀಕ್ಷೆ ಫ್ಲೋರೈಡ್‌ಗೇ ಮುಗಿಯಬಾರದು ಎಂದು ನನ್ನ ವಾದ.

ಹೊಲದ ಮಟ್ಟಿಗೆ ಪ್ರಯೋಗಾಲಯವಿಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ಹಿಂಗಾರು ಬಿತ್ತನೆಗೆ ತಿಂಗಳ ಮೊದಲು ಹೊಲದ ನಾಲ್ಕಾರು ಕಡೆಯಿಂದ ಗೇಣುದ್ದ ಆಳದವರೆಗಿನ ಮಣ್ಣು ತಂದು ಕುಂಡಕ್ಕೆ ತುಂಬಿ ಸೌತೆ ಬೀಜ ಹಾಕಿ. ಔಷಧಿ ಬೀಳದ ಅದೇ ಬಗೆಯ ಮಣ್ಣಿನ ಇನ್ನೊಂದು ಕುಂಡವೂ ಪಕ್ಕದಲ್ಲಿರಲಿ. ಎರಡರಲ್ಲೂ ಬೀಜ ಚೆನ್ನಾಗಿಯೇ ಮೊಳೆಯುತ್ತದೆ, ಅದನ್ನು ನೋಡಿ ನಿರಾಳರಾಗಬೇಡಿ. ಅಟ್ರಜಿನ್ ತಡೆಯುವುದು ಮೊಳಕೆಯನ್ನಲ್ಲ, ದ್ಯುತಿಸಂಶ್ಲೇಷಣೆಯನ್ನು. ಬೀಜದ ಆಹಾರ ಮುಗಿದು ಎಲೆಗಳು ದುಡಿಯತೊಡಗಿದ ಮೇಲೆಯೇ ಅಂಚುಗಳು ಹಳದಿಯಾಗಿ ಒಣಗುತ್ತವೆ. ಆದ್ದರಿಂದ ಮೂರು ವಾರವಾದರೂ ಕಾಯಬೇಕು.