ಕೋಎರ್ಸಿವಿಟಿ: ಅಯಸ್ಕಾಂತಕ್ಕೂ ಒಂದು ಹಠ

ಹೋಟೆಲ್ ರೂಮಿನ ಕೀ ಕಾರ್ಡನ್ನು ಮ್ಯಾಗ್ನೆಟ್ ಬಟನ್ ಇರುವ ಪರ್ಸಿನಲ್ಲಿಟ್ಟು ಊರು ಸುತ್ತಿ ಬಂದರೆ, ಕೆಲವೊಮ್ಮೆ ಬಾಗಿಲು ತೆರೆಯುವುದೇ ಇಲ್ಲ. ಅದೇ ಪರ್ಸಿನಲ್ಲಿದ್ದ ಬ್ಯಾಂಕ್ ಕಾರ್ಡಿಗೆ ಮಾತ್ರ ಏನೂ ಆಗಿರುವುದಿಲ್ಲ. ಎರಡರ ಬೆನ್ನಿಗೂ ಇರುವುದು ಮಾಹಿತಿಯನ್ನು ಅಯಸ್ಕಾಂತದ ಗುರುತುಗಳಾಗಿ ಹಿಡಿದಿಡುವ ಕಪ್ಪು ಪಟ್ಟಿಯೇ ಅಲ್ವಾ? ವ್ಯತ್ಯಾಸ ಇರುವುದು ಆ ಪಟ್ಟಿಯ ಕೋಎರ್ಸಿವಿಟಿಯಲ್ಲಿ.

ನಾನಂತೂ ಇದಕ್ಕೆ ‘ಹಠ’ ಅಂತಲೇ ಹೇಳುತ್ತೇನೆ. ಒಂದು ವಸ್ತು ಒಮ್ಮೆ ಅಯಸ್ಕಾಂತವಾಗಿ ಒಂದು ದಿಕ್ಕಿಗೆ ಮುಖ ಮಾಡಿ ಕೂತಿತು ಅಂದುಕೊಳ್ಳಿ. ಅದರ ಅಯಸ್ಕಾಂತತನವನ್ನು ಅಳಿಸಲು ಎದುರಿನಿಂದ ಎಷ್ಟು ಬಲದ ಕಾಂತಕ್ಷೇತ್ರ ಬೇಕು? ಆ ಅಳತೆಯೇ ಕೋಎರ್ಸಿವಿಟಿ. ಇದನ್ನು ಅಳೆಯುವ ಒಂದು ಮಾನ ಅರ್ಸ್ಟೆಡ್. ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು 1820ರಲ್ಲಿ ಗಮನಿಸಿದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಅವರ ಹೆಸರು ಅದು.

ಪಟ್ಟಿ ಇರುವ ಹೋಟೆಲ್ ಕಾರ್ಡುಗಳ ಹಠ ಸಾಮಾನ್ಯವಾಗಿ ಸುಮಾರು 300 ಅರ್ಸ್ಟೆಡ್. ದಿನಾ ಹೊಸ ಅತಿಥಿಗೆ ಅಳಿಸಿ ಬರೆಯಬೇಕಲ್ಲ, ಅದಕ್ಕೆ ಮೆತ್ತಗಿನದೇ ಅನುಕೂಲ. ಬ್ಯಾಂಕ್ ಕಾರ್ಡಿನದು ಸಾಮಾನ್ಯವಾಗಿ 2750ರ ಆಸುಪಾಸು. ಅಷ್ಟನ್ನು ಮಣಿಸುವುದು ಪರ್ಸಿನ ಬಟನ್ನಿಗೆ ಸುಲಭವಲ್ಲ. ಇನ್ನು ಕಾರ್ಡಿನ ಮುಂದಿರುವ ಚಿಪ್ಪಿಗೂ ಅಯಸ್ಕಾಂತಕ್ಕೂ ಸಂಬಂಧವೇ ಇಲ್ಲ.

ಹಳೇ ಆಡಿಯೋ ಕ್ಯಾಸೆಟ್ಟಿನ ಕಂದು ಟೇಪೂ ಹೋಟೆಲ್ ಕಾರ್ಡಿನ ಜಾತಿಯದೇ, ಬೇಗ ಸೋಲುತ್ತದೆ. ಕಡಿಮೆ ಬೆಲೆಯ ಎಷ್ಟೋ ಟೇಪ್ ರೆಕಾರ್ಡರುಗಳಲ್ಲಿ ರೆಕಾರ್ಡ್ ಬಟನ್ ಒತ್ತಿದರೆ ಪುಟಾಣಿ ಅಯಸ್ಕಾಂತವೊಂದು ಮುಂದೆ ಬಂದು ಟೇಪಿಗೆ ತಾಗಿ ಕೂರುತ್ತಿತ್ತು. ಟೇಪು ಅದನ್ನು ಸವರಿಕೊಂಡು ಹೋಗುವಾಗ ಹಳೇ ಹಾಡು ಅಳಿಯುತ್ತಿತ್ತು, ಅದರ ಬೆನ್ನಿಗೇ ಹೊಸದು ದಾಖಲಾಗುತ್ತಿತ್ತು. ಹಾಗಾಗಬಾರದು ಅಂತಲೇ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದಿಡುತ್ತಿದ್ದೆವು.

ಹಾರ್ಡ್ ಡಿಸ್ಕಿನ ಹಠ ಇವೆಲ್ಲಕ್ಕಿಂತ ಜಾಸ್ತಿ, ಹಲವು ಸಾವಿರ ಅರ್ಸ್ಟೆಡ್. ಕೆಟ್ಟುಹೋದ ಒಂದನ್ನು ಬಿಚ್ಚಿ ನೋಡಿ. ಡೇಟಾ ಓದಿ ಬರೆಯುವ ಹೆಡ್ ಎಂಬ ಪುಟ್ಟ ಭಾಗ ಇರುವ ತೋಳನ್ನು ಆಡಿಸಲು ಒಳಗೇ ನಿಯೋಡಿಮಿಯಂ ಅಯಸ್ಕಾಂತಗಳಿರುತ್ತವೆ. ಬೀರುವಿಗೆ ಅಂಟಿಸಿದರೆ ಕಿತ್ತು ತೆಗೆಯಲು ಒದ್ದಾಡಬೇಕು, ಮಧ್ಯೆ ಬೆರಳು ಸಿಕ್ಕಿದರೆ ಗೊತ್ತಾಗುತ್ತದೆ! ಅಂಥವು ಪಕ್ಕದಲ್ಲೇ ಇದ್ದರೂ ಡಿಸ್ಕಿನ ಡೇಟಾ ಹಾಗೇ ಇರುತ್ತದೆ. ದೂರ ಹೋದ ಹಾಗೆ ಅಯಸ್ಕಾಂತದ ಬಲ ಸರಸರನೆ ಇಳಿದುಬಿಡುತ್ತದೆ. ಬರೆಯುವ ಹೆಡ್ಡಾದರೋ ಡೇಟಾ ಇರುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ, ಹಾಗಾಗಿ ಅದರ ಮಾತು ನಡೆಯುತ್ತದೆ. ಫ್ರಿಜ್ಜಿನ ಮ್ಯಾಗ್ನೆಟ್ಟಿಗೆ ಸುಮ್ನೆ ಹೆದರುತ್ತೇವೆ.

ಪೂರ್ತಿ ಅಳಿಸಲು ಬಲವಾದ ಕಾಂತಕ್ಷೇತ್ರ ಹಾಯಿಸುವ ಡಿಗಾಸರ್ ಎಂಬ ಯಂತ್ರವಿದೆ. ಅದು ಡೇಟಾ ಜೊತೆಗೆ ಹೆಡ್ಡಿಗೆ ದಾರಿ ತೋರಿಸುವ ಗುರುತುಗಳನ್ನೂ ಒರೆಸಿಬಿಡುತ್ತದೆ. ಆಮೇಲೆ ಆ ಡಿಸ್ಕು ಗುಜರಿಗೇ.

ಸೀಡಿ, ಡೀವಿಡಿಗಳಲ್ಲಿ ಓದುವುದು ಬೆಳಕು, ಅಲ್ಲಿ ಅಯಸ್ಕಾಂತಕ್ಕೆ ಕೆಲಸವಿಲ್ಲ. ಪೆನ್ ಡ್ರೈವ್, ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕಿನ ಬದಲಿಗೆ ಬಳಸುವ ಎಸ್‌ಎಸ್‌ಡಿಗಳಲ್ಲಿ ಡೇಟಾ ಕೂತಿರುವುದು ಸಣ್ಣ ಸಣ್ಣ ಗೂಡುಗಳಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನುಗಳ ರೂಪದಲ್ಲಿ. ಅಲ್ಲಿ ಈ ಹಠದ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ಹಳೇ ಎಸ್‌ಎಸ್‌ಡಿಯನ್ನು ಡಿಗಾಸರಿನಲ್ಲಿ ಹಾಯಿಸಿ ‘ಅಳಿಸಿಯಾಯ್ತು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಫೋಟೋಗಳೆಲ್ಲ ಅದರೊಳಗೇ ಇರಬಹುದು.